ಭೂತಕಾಲಕ್ಕೆ ಹೋಗುವುದನ್ನು ತಡೆಯುವುದು ತಾತನ ಒಗಟೋ, ಋಣಶಕ್ತಿಯೋ?

ಕಾಲಪಥಿಕ

ಹಿಂದಕ್ಕೆ ಕಾಲಯಾನ ಎಂದ ಕೂಡಲೇ ಮಾತು ತಾತನ ಹತ್ತಿರ ಹೋಗಿ ನಿಲ್ಲುತ್ತದೆ. ಮೊಮ್ಮಗ ಹಿಂದಕ್ಕೆ ಹೋಗಿ ತಾತನನ್ನು ಮದುವೆಗೆ ಮುಂಚೆಯೇ ಕೊಂದ. ಹಾಗಾದರೆ ಮೊಮ್ಮಗ ಹುಟ್ಟಲೇ ಇಲ್ಲ. ಹುಟ್ಟದವನು ಕೊಂದದ್ದು ಹೇಗೆ? ಇಲ್ಲಿಗೆ 'ಅಸಾಧ್ಯ' ಎಂದು ಷರಾ ಬರೆದು ಎಲ್ಲರೂ ಎದ್ದುಬಿಡುತ್ತಾರೆ. ಈ ಷರಾ ಅವಸರದ್ದು ಎಂದು ನನ್ನ ವಾದ. ಒಗಟು ಇದೆ ಎಂದ ಮಾತ್ರಕ್ಕೆ ಭೌತಶಾಸ್ತ್ರ ಬಾಗಿಲು ಹಾಕಿಕೊಂಡಿಲ್ಲ.

ಐನ್‌ಸ್ಟೈನರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳಿಗೆ ಹಿಂದಿನ ಕಾಲಕ್ಕೆ ಸುತ್ತಿ ಬರುವ ಉತ್ತರಗಳು ಬಹಳ ಹಿಂದೆಯೇ ಸಿಕ್ಕಿವೆ. 1937ರಲ್ಲಿ ವಾನ್ ಸ್ಟಾಕಮ್ ತಿರುಗುವ ಧೂಳಿನ ಸಿಲಿಂಡರಿನ ಲೆಕ್ಕ ಮಾಡಿದರು. ಐನ್‌ಸ್ಟೈನರಿಗೆ 70 ತುಂಬಿದ 1949ರಲ್ಲಿ ಕರ್ಟ್ ಗೋಡೆಲ್ ಇಡೀ ವಿಶ್ವವೇ ತಿರುಗುತ್ತಿದ್ದರೆ ಏನಾಗುತ್ತದೆ ಎಂದು ಬಿಡಿಸಿ ತೋರಿಸಿದರು. ಅಲ್ಲಿ ಎಲ್ಲೂ ಬೆಳಕಿನ ವೇಗ ಮೀರದೆ, ಸದಾ ಮುಂದಕ್ಕೇ ಸಾಗುತ್ತಾ, ಹೊರಟ ಜಾಗಕ್ಕೂ ಹೊರಟ ಗಳಿಗೆಗೂ ವಾಪಸು ಬರಬಹುದು. ಇದನ್ನೇ ಮುಚ್ಚಿದ ಕಾಲಪಥ ಎನ್ನುವುದು. ಕೊಡಗಿನ ಘಾಟಿಯಲ್ಲಿ ಒಂದೇ ಸಮನೆ ಮುಂದೆ ನಡೆದವನು ಸುತ್ತಿಕೊಂಡು ಅದೇ ಮೈಲಿಗಲ್ಲಿಗೆ ಬಂದಂತೆ. ವ್ಯತ್ಯಾಸ ಇಷ್ಟೇ, ಇಲ್ಲಿ ಆ ಮೈಲಿಗಲ್ಲಿನ ಮೇಲೆ ತಾರೀಖೂ ಬರೆದಿರುತ್ತದೆ.

ನಮ್ಮ ವಿಶ್ವ ಗೋಡೆಲ್ ಹೇಳಿದಂತೆ ತಿರುಗುತ್ತಿರುವ ಕುರುಹಿಲ್ಲ. 1974ರಲ್ಲಿ ಫ್ರಾಂಕ್ ಟಿಪ್ಲರ್ ಲೆಕ್ಕ ಹಾಕಿದ ತಿರುಗುವ ಸಿಲಿಂಡರಿಗೆ ಉದ್ದ ಅನಂತವಾಗಿರಬೇಕು. ಹಾಗಾಗಿ ಅವೆರಡನ್ನೂ ಪಕ್ಕಕ್ಕಿಡೋಣ. ಕಟ್ಟುವ ಹೆಜ್ಜೆಗಳನ್ನು ಬರೆಯಬಹುದಾದ ಯಂತ್ರ ಒಂದೇ, ವರ್ಮ್‌ಹೋಲ್, ಅಂದರೆ ಆಕಾಶಕಾಲದ ಎರಡು ದೂರದ ಜಾಗಗಳನ್ನು ಕೂಡಿಸುವ ಸುರಂಗ. ಅದರ ಲೆಕ್ಕವನ್ನು ಸಂಖ್ಯೆಗಳ ಸಮೇತ ಯಾರಾದರೂ ಇಲ್ಲಿ ಇಡಬೇಕೆಂದು ಕೋರಿಕೆ. ಒಗಟುಗಳ ಮಾತು ಆಮೇಲೆ.

ಪರಮಾಣು ಗಡಿಯಾರ

ಯಂತ್ರಕ್ಕೆ ಮುಂಚೆ ಒಂದು ಅಡಿಪಾಯ. ಮುಂದಕ್ಕೆ ಕಾಲಯಾನ ಕಲ್ಪನೆಯಲ್ಲ, ಅದು ದಿನನಿತ್ಯದ ಎಂಜಿನಿಯರಿಂಗ್. ವೇಗವಾಗಿ ಓಡುವ ಗಡಿಯಾರವೂ ಗುರುತ್ವ ಹೆಚ್ಚಿರುವ ಕಡೆಯ ಗಡಿಯಾರವೂ ನಿಧಾನವಾಗಿ ನಡೆಯುತ್ತವೆ. ಹಿಂದಕ್ಕೆ ಹೋಗುವ ಯಂತ್ರವೂ ಇದೇ ಬಂಡವಾಳದ ಮೇಲೆ ನಿಂತಿದೆ.

1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ 4 ಸೀಸಿಯಂ ಗಡಿಯಾರಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದರು. ಪೂರ್ವಕ್ಕೆ ಹೋದಾಗ ಅವು ಸುಮಾರು 59 ನ್ಯಾನೋಸೆಕೆಂಡು ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದಾಗ ಸುಮಾರು 273 ನ್ಯಾನೋಸೆಕೆಂಡು ಮುಂದೆ ಓಡಿದವು. ಜಿಪಿಎಸ್ ಉಪಗ್ರಹದ ಗಡಿಯಾರ ಗುರುತ್ವ ಕಡಿಮೆಯಿರುವ ಕಾರಣಕ್ಕೆ ದಿನಕ್ಕೆ 45 ಮೈಕ್ರೋಸೆಕೆಂಡು ಮುಂದೋಡುತ್ತದೆ, ವೇಗದ ಕಾರಣಕ್ಕೆ 7 ಹಿಂದೆ ಬೀಳುತ್ತದೆ. ಉಳಿಯುವುದು 38. ಅದಕ್ಕೇ ಉಡಾವಣೆಗೆ ಮುಂಚೆ 10.23 ಮೆಗಾಹರ್ಟ್ಸ್ ಬದಲು 10.22999999543 ಮೆಗಾಹರ್ಟ್ಸ್‌ಗೆ ಗಡಿಯಾರವನ್ನು ಕೂರಿಸಿ ಕಳಿಸುತ್ತಾರೆ. ಭಾರತದ್ದೇ ಸ್ಥಾನಸೂಚಿ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿ ಲೆಕ್ಕ ಹಾಕಿದರೆ ಗುರುತ್ವದಿಂದ 51 ಮುಂದೆ, ವೇಗದಿಂದ 4.5 ಹಿಂದೆ, ನಿವ್ವಳ ದಿನಕ್ಕೆ ಸುಮಾರು 46 ಮೈಕ್ರೋಸೆಕೆಂಡು. ಅಷ್ಟು ಹೊತ್ತಿನಲ್ಲಿ ಬೆಳಕು ಸುಮಾರು 14 ಕಿ.ಮೀ. ಸಾಗುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ ಇಸ್ರೋ ಕೇಂದ್ರದಂಥ ಕಡೆ ಕಾಲವನ್ನು ಸರಿಹೊಂದಿಸುವವರು ಈ ಅಂತರವನ್ನು ಬಿಟ್ಟು ಒಂದು ದಿನವೂ ಕೆಲಸ ಮಾಡಲಾರರು.

ಇನ್ನೊಂದು ಸಾಕ್ಷಿ ಮ್ಯೂಆನ್, ವಾತಾವರಣದ ಮೇಲ್ಭಾಗದಲ್ಲಿ ಹುಟ್ಟಿ ಬೇಗ ಅಳಿಯುವ ಕಣ. ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡು. ಸುಮಾರು 15 ಕಿ.ಮೀ. ಮೇಲೆ ಹುಟ್ಟುವ ಇವಕ್ಕೆ ನೆಲ ಮುಟ್ಟಲು 50 ಮೈಕ್ರೋಸೆಕೆಂಡು ಬೇಕು. ಕಾಲ ಹಿಗ್ಗದಿದ್ದರೆ ಸಾವಿರ ಕೋಟಿಗೆ ಒಂದೆರಡು ಬದುಕಿ ಬರಬೇಕಿತ್ತು. ನಿಜಕ್ಕೂ ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಸುಮಾರು ಒಂದು ಹಾದುಹೋಗುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 1950ರ ದಶಕದಿಂದ ಬೇರೆ ಬೇರೆ ಆಳಗಳಲ್ಲಿ ಇವನ್ನೇ ಎಣಿಸಿದರು. ಎರಡು ಕಿಲೋಮೀಟರಿಗೂ ಆಳದಲ್ಲಿ ಇವುಗಳ ಗದ್ದಲ ಅಡಗಿದ್ದರಿಂದಲೇ 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೋ, ಅಂದರೆ ಯಾವುದಕ್ಕೂ ಸುಲಭವಾಗಿ ತಾಕದ ಹಗುರ ಕಣ, ಸಿಕ್ಕಿತು.

ಭಾಗವತದಲ್ಲಿ ರಾಜ ಕಕುದ್ಮಿ ಮಗಳು ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಈ ಕಥೆಯನ್ನು ಕಾಲಯಾನದ ಚರ್ಚೆಗೆ ತರುವವರು ಒಂದನ್ನು ಗಮನಿಸಬೇಕು. ಅದೂ ಮುಂದಕ್ಕೇ. ಹಿಂದಿರುಗಿ ರೇವತಿಗೆ ನೋಡಿಟ್ಟಿದ್ದ ವರಗಳನ್ನು ಭೇಟಿಯಾಗಲು ಅವರಿಗೂ ಆಗಲಿಲ್ಲ.

ಬೆಳಕಿನ ಶಂಕು

ಯಂತ್ರದ ಲೆಕ್ಕ ನಾನಿಡುತ್ತೇನೆ. 1988ರಲ್ಲಿ ಮಾರಿಸ್, ಥಾರ್ನ್ ಮತ್ತು ಯುರ್ಟ್‌ಸೆವರ್ ತೋರಿಸಿದ ದಾರಿ ಇದು, ಸಂಖ್ಯೆಗಳು ಮಾತ್ರ ಲೆಕ್ಕ ಸುಲಭವಾಗಲಿ ಎಂದು ನಾನು ಆರಿಸಿದ್ದು.

ಒಂದು ವರ್ಮ್‌ಹೋಲ್, ಎರಡು ಬಾಯಿ: 'ಅ' ಮತ್ತು 'ಬ'. ನಡುವಿನ ಗಂಟಲು ಕೆಲವೇ ಮೀಟರ್. ಎರಡು ಬಾಯಿಗೂ ಒಂದೊಂದು ಗಡಿಯಾರ ಕಟ್ಟಿ ಸೊನ್ನೆಗೆ ಇಡಿ. 'ಅ' ಇದ್ದಲ್ಲೇ ಇರಲಿ. 'ಬ' ಬಾಯಿಯನ್ನು ಬೆಳಕಿನ 0.8ರಷ್ಟು ವೇಗದಲ್ಲಿ ಒಯ್ಯಬೇಕು. ಹೊರಗಿನಿಂದ ನೋಡುವವರಿಗೆ ಬಾಯಿಯೂ ತೂಕವುಳ್ಳ ಒಂದು ವಸ್ತುವೇ. ವಿದ್ಯುದಾವೇಶ ಕೊಟ್ಟೋ, ಭಾರೀ ವಸ್ತುವೊಂದರ ಗುರುತ್ವ ಬಳಸಿಯೋ ಎಳೆಯಬಹುದು. 5 ವರ್ಷ ದೂರ ಸಾಗಿ 4 ಜ್ಯೋತಿರ್ವರ್ಷ ತಲುಪಿ, ತಿರುಗಿ 5 ವರ್ಷ ವಾಪಸು. ಈ ವೇಗದಲ್ಲಿ ಹೊರಗಿನ 1 ವರ್ಷ 'ಬ'ಗೆ 0.6 ವರ್ಷ. ಅದು ಮನೆಗೆ ಬಂದಾಗ 'ಅ' ಗಡಿಯಾರ 10 ವರ್ಷ, 'ಬ' ಗಡಿಯಾರ 6 ವರ್ಷ ತೋರಿಸುತ್ತದೆ. ಇಲ್ಲಿಯವರೆಗೆ ಇದು ವೇಗವಾಗಿ ಹೋಗಿ ಬಂದವನು ಮನೆಯಲ್ಲಿದ್ದ ಅವಳಿಗಿಂತ ಕಿರಿಯನಾಗುವ, ಬರೀ ಅವಳಿಗಳ ಕಥೆ.

ಈಗ ಗಂಟಲಿನ ಒಳಗಿನಿಂದ ಇಣುಕಿ ನೋಡಿ. ಗಂಟಲಿನ ಉದ್ದ ಬದಲಾಗಿಲ್ಲ, ಹಾಗಾಗಿ ಒಳಗಿನಿಂದ ಎರಡೂ ಗಡಿಯಾರಗಳು ಸದಾ ಒಂದೇ ಹೊತ್ತು ತೋರಿಸುತ್ತವೆ. 'ಬ' ಗಡಿಯಾರದಲ್ಲಿ 6 ಇದ್ದಾಗ ಒಳಹೊಕ್ಕವರು 'ಅ' ಗಡಿಯಾರದಲ್ಲಿ 6 ಇರುವಾಗಲೇ ಹೊರಬರುತ್ತಾರೆ. ಅಂದರೆ 10ನೇ ವರ್ಷದಲ್ಲಿ ಹೊಕ್ಕು 6ನೇ ವರ್ಷದಲ್ಲಿ ಹೊರಕ್ಕೆ. 4 ವರ್ಷ ಹಿಂದೆ.

'ಬ' ಮನೆ ತಲುಪುವವರೆಗೆ ಕಾಯಬೇಕೇ? ಬೇಡ. ಹಿಂದೆ ಬಂದವರು 'ಅ'ದಿಂದ ಹೊರಟು, 'ಬ' ಇರುವ ಜಾಗಕ್ಕೆ ತಾವು ಹೊಕ್ಕ ಗಳಿಗೆಯೊಳಗೆ ತಲುಪಿದರೆ ಸುತ್ತು ಮುಚ್ಚಿದ ಹಾಗೆ. ಹೊರಗಿನ ಕಾಲ ಟ ವರ್ಷವಾದಾಗ ಎರಡು ಬಾಯಿಗಳ ಕಾಲದ ಅಂತರ 0.4 ಟ. ಮರುಪ್ರಯಾಣದಲ್ಲಿ ದೂರ 0.8 × (10 − ಟ) ಜ್ಯೋತಿರ್ವರ್ಷ. ಎರಡೂ ಸಮವಾಗುವುದು ಟ = 6.67ರಲ್ಲಿ, ಅಂದರೆ 6 ವರ್ಷ 8 ತಿಂಗಳಿಗೆ. ಆಗ 'ಬ' ಇನ್ನೂ 2.67 ಜ್ಯೋತಿರ್ವರ್ಷ ದೂರದಲ್ಲಿದೆ, ಅದರ ಗಡಿಯಾರ ಸರಿಯಾಗಿ 4 ವರ್ಷ ತೋರಿಸುತ್ತಿದೆ. ಆ ಕ್ಷಣ 'ಬ' ಹೊಕ್ಕ ಬೆಳಕು 4ನೇ ವರ್ಷದ 'ಅ'ದಿಂದ ಹೊರಬಿದ್ದು, 2.67 ವರ್ಷ ಓಡಿ, ಮತ್ತೆ ಅದೇ ಕ್ಷಣದ 'ಬ'ಗೆ ಬರುತ್ತದೆ. ಇದು ಮೊದಲ ಮುಚ್ಚಿದ ಹಾದಿ. ಇಂಥ ಸುತ್ತುಗಳು ಶುರುವಾಗುವ ಗಡಿಗೆ ಕೋಶಿ ದಿಗಂತ ಎಂದು ಹೆಸರು. ಈ ಚರ್ಚೆಯ ಕೊನೆಗೆ ನಾವು ಇಲ್ಲಿಗೇ ವಾಪಸು ಬರಬೇಕಾಗುತ್ತದೆ.

ಇದರಿಂದ ನೇರವಾಗಿ ಬರುವ ಮಾತು: ಈ ಯಂತ್ರದಲ್ಲಿ 4ನೇ ವರ್ಷದ ಹಿಂದಕ್ಕೆ ಯಾರೂ ಹೋಗಲಾರರು. ಎಷ್ಟು ಸುತ್ತು ಹಾಕಿದರೂ ಅಷ್ಟೆ.

ಕಾಲಪಥಿಕ

ಈ ಕೊನೆಯ ಸಾಲನ್ನು ಎಲ್ಲರೂ ಎರಡು ಸಲ ಓದಬೇಕು. 1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ ಹೋಗಿ ರಾಮರಾಯನಿಗೆ ಎಚ್ಚರಿಕೆ ಕೊಡುವ ಕನಸಿಗೆ ಇಲ್ಲಿ ಜಾಗವಿಲ್ಲ. ಯಂತ್ರ ತಾನು ಹುಟ್ಟುವುದಕ್ಕಿಂತ ಹಿಂದೆ ಯಾರನ್ನೂ ಒಯ್ಯದು. ಪ್ರಕೃತಿಯೇ ಯಾವುದೋ ಕಾಲದಲ್ಲಿ ಕಾಲಾಂತರವಿರುವ ವರ್ಮ್‌ಹೋಲ್ ಮಾಡಿಟ್ಟಿದ್ದರೆ ಮಾತು ಬೇರೆ, ಅಂಥದ್ದು ಕಂಡಿಲ್ಲ.

2009ರ ಜೂನ್ 28ರಂದು ಸ್ಟೀಫನ್ ಹಾಕಿಂಗ್ ಕೇಂಬ್ರಿಜ್‌ನಲ್ಲಿ ಕಾಲಯಾನಿಗಳಿಗೆ ಔತಣ ಇಟ್ಟು, ಆಹ್ವಾನವನ್ನು ಔತಣ ಮುಗಿದ ಮೇಲೆ ಪ್ರಕಟಿಸಿದರು. ಯಾರೂ ಬರಲಿಲ್ಲ. ಇದನ್ನು ಪ್ರಮಾಣವೆಂದು ಹೇಳುವವರು ಬಹಳ. ಆದರೆ 2009ರಲ್ಲಿ ಭೂಮಿಯ ಮೇಲೆ ಯಾವ ಯಂತ್ರವೂ ಇರಲಿಲ್ಲ, ಹಾಗಾಗಿ ಮುಂದೆ ಯಾರಾದರೂ ಕಟ್ಟಿದರೂ ಆ ಔತಣಕ್ಕೆ ಬರಲು ಹಾದಿಯೇ ಇಲ್ಲ. 'ಭವಿಷ್ಯದವರು ಎಲ್ಲಿ?' ಎಂಬ ಪ್ರಶ್ನೆಗೂ ಇದೇ ಉತ್ತರ.

ಪರಮಾಣು ಗಡಿಯಾರ

ಒಂದು ಸೇರ್ಪಡೆ. 'ಬ' ಬಾಯಿಯನ್ನು ಬೆಳಕಿನ 0.8 ವೇಗದಲ್ಲಿ ಓಡಿಸುವುದೇ ಬೇಕಿಲ್ಲ. 1990ರಲ್ಲಿ ಫ್ರೊಲೊವ್ ಮತ್ತು ನೊವಿಕೊವ್ ಗುರುತ್ವದ ದಾರಿ ಹೇಳಿದರು. ಒಂದು ಬಾಯಿಯನ್ನು ನ್ಯೂಟ್ರಾನ್ ನಕ್ಷತ್ರದ ಪಕ್ಕ ನಿಲ್ಲಿಸಿದರೆ ಸಾಕು. ಸೂರ್ಯನ 1.4 ಪಟ್ಟು ತೂಕ, 12 ಕಿ.ಮೀ. ತ್ರಿಜ್ಯ ಎಂದುಕೊಂಡರೆ ಮೇಲ್ಮೈಯಲ್ಲಿ ಗಡಿಯಾರ ಸುಮಾರು 0.81 ವೇಗದಲ್ಲಿ ನಡೆಯುತ್ತದೆ. 10 ವರ್ಷ ಬಿಟ್ಟರೆ ಸುಮಾರು 1.9 ವರ್ಷದ ಅಂತರ ಕೂಡುತ್ತದೆ. ಉಪಗ್ರಹದ ಗಡಿಯಾರದಲ್ಲಿ ನಾವು ತಿದ್ದುವುದೂ ಇದನ್ನೇ, ಪ್ರಮಾಣ ಮಾತ್ರ ಬೇರೆ.

ರೇವತಿ ನಕ್ಷತ್ರ

ಒಂದು ಅನುಮಾನ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ, ಸೂರ್ಯನೂ ಓಡುತ್ತಿದ್ದಾನೆ. ಒಂದು ದಿನ ಹಿಂದೆ ಹೋದರೆ ಭೂಮಿ ಕಾಲಕೆಳಗೆ ಇರುವುದಿಲ್ಲವಲ್ಲ, ಬರೀ ಆಕಾಶದಲ್ಲಿ ಬೀಳುವುದಿಲ್ಲವೇ?

ಬೆಳಕಿನ ಶಂಕು

ಈ ಆಕ್ಷೇಪಕ್ಕೆ 'ಅದೇ ಜಾಗ' ಎಂಬುದೊಂದು ವಿಶ್ವದಲ್ಲಿ ಸ್ಥಿರವಾಗಿ ಇರಬೇಕು. ಸಾಪೇಕ್ಷತೆಯಲ್ಲಿ ಅಂಥ ಗೂಟ ಇಲ್ಲ. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುವ ಯಂತ್ರಕ್ಕೆ ಈ ತೊಂದರೆ, ಹಾದಿ ಹಿಡಿದು ನಡೆಯುವ ಯಂತ್ರಕ್ಕಲ್ಲ. 'ಅ' ಬಾಯಿ ಎಲ್ಲಿದೆಯೋ ಅಲ್ಲೇ ಹೊರಬರುತ್ತೀರಿ. ಅದು ಭೂಮಿಯ ಜೊತೆ ಓಡುತ್ತಿದ್ದರೆ ನೀವೂ ಭೂಮಿಯ ಮೇಲೇ.

ಚಕ್ರಕ

ಈಗ ಒಗಟುಗಳಿಗೆ ಬರೋಣ. ಇವು ಒಂದೇ ಜಾತಿಯವಲ್ಲ, ಬೆರೆಸಿದರೆ ಚರ್ಚೆ ಕೆಡುತ್ತದೆ.

ತಾತನದು ವಿರೋಧ: ಒಂದು ಘಟನೆ ಆಗಿದ್ದರೆ ಆಗಿಲ್ಲ, ಆಗಿಲ್ಲದಿದ್ದರೆ ಆಗಿದೆ. ಎರಡನೆಯದರಲ್ಲಿ ವಿರೋಧವೇ ಇಲ್ಲ, ಮೂಲವಿಲ್ಲ. ಗಣಿತಜ್ಞರೊಬ್ಬರಿಗೆ ಅಪರಿಚಿತರು ಒಂದು ಪ್ರಮೇಯದ ಸಾಧನೆಯ ಹಾಳೆ ಕೊಡುತ್ತಾರೆ. ಅವರು ಅದನ್ನು ಪ್ರಕಟಿಸಿ, ಮುಪ್ಪಿನಲ್ಲಿ ಹಿಂದಕ್ಕೆ ಹೋಗಿ ಅದೇ ಹಾಳೆಯನ್ನು ತಮ್ಮ ಚಿಕ್ಕ ವಯಸ್ಸಿಗೆ ಕೊಡುತ್ತಾರೆ. ಆ ಸಾಧನೆಯನ್ನು ಯೋಚಿಸಿದ್ದು ಯಾರು? ನಮ್ಮ ನ್ಯಾಯದರ್ಶನದವರು ಇಂಥ ಸುತ್ತುಗಳನ್ನು ಆಗಲೇ ವಿಂಗಡಿಸಿದ್ದಾರೆ. ತನ್ನನ್ನು ತಾನೇ ಆಧರಿಸಿದರೆ ಆತ್ಮಾಶ್ರಯ, ಎರಡು ಒಂದನ್ನೊಂದು ಆಧರಿಸಿದರೆ ಅನ್ಯೋನ್ಯಾಶ್ರಯ, ಮೂರು ಅಥವಾ ಹೆಚ್ಚು ಸುತ್ತಿಕೊಂಡರೆ ಚಕ್ರಕ, ಕೊನೆಯಿಲ್ಲದೆ ಹಿಂದೆ ಹೋದರೆ ಅನವಸ್ಥೆ. ನೈಯಾಯಿಕರಿಗೆ ಇವು ತರ್ಕದೋಷಗಳು. ಮುಚ್ಚಿದ ಕಾಲಪಥದಲ್ಲಿ ಇವೇ ನಡೆದ ಘಟನೆಗಳಾಗುತ್ತವೆ.

ಹಾಳೆಯ ವಿಚಾರದಲ್ಲಿ ಇನ್ನೊಂದು ಗಂಟು. ಹಾಳೆ ಹಳದಿಯಾಗುತ್ತದೆ, ಮಡಿಕೆ ಬೀಳುತ್ತದೆ, ಅಂಚು ಸವೆಯುತ್ತದೆ. ಆದರೆ ಕೊಡುವಾಗಿನ ಹಾಳೆಯೇ ಪಡೆದಾಗಿನ ಹಾಳೆ. ಸುತ್ತಿನಲ್ಲಿ ಆದ ಪ್ರತಿಯೊಂದು ಸವೆತವೂ ಕೊಡುವ ಹೊತ್ತಿಗೆ ಅಣು ಅಣುವಾಗಿ ಸರಿಹೋಗಿರಬೇಕು. 1992ರಲ್ಲಿ ಲೊಸ್ಸೆವ್ ಮತ್ತು ನೊವಿಕೊವ್ ಇಂಥ ವಸ್ತುಗಳಿಗೆ ಜಿನ್ ಎಂದು ಹೆಸರಿಟ್ಟರು. ವಸ್ತು ಜಿನ್ ಬದುಕಬೇಕಾದರೆ ಹೊರಗಿನಿಂದ ಶಕ್ತಿ ಪಡೆದು ಸವೆತ ತಿದ್ದಿಕೊಳ್ಳಬೇಕು. ಹಾಳೆಯಿಂದ ಹಾಳೆಗೆ ನಕಲು ಮಾಡಿದರೆ ಈ ತೊಂದರೆ ತಪ್ಪುತ್ತದೆ, ಜಿನ್ ಆಗ ಬರೀ ಮಾಹಿತಿ.

ನನ್ನ ನಿಲುವು ಹೇಳಿಬಿಡುತ್ತೇನೆ: ತಾತನ ವಿರೋಧ ನಿಜವಾದ ತಡೆ. ಮೊಮ್ಮಗನ ಕೈಯಲ್ಲಿ ಸರಿಯಾದ ಬಂದೂಕಿದೆ, ಗುರಿ ಬರುತ್ತದೆ, ತಡೆಯುವವರಿಲ್ಲ. ಆದರೂ ಪ್ರತಿ ಸಲ ಗುಂಡು ಹಾರುವುದಿಲ್ಲ ಎಂದರೆ ಒಪ್ಪುವುದು ಹೇಗೆ?

ಬೆಳಕಿನ ಶಂಕು

ಮನುಷ್ಯರನ್ನು ತೆಗೆದು ಬಿಲಿಯರ್ಡ್ಸ್ ಚೆಂಡು ಇಡಿ, ಇಚ್ಛಾಸ್ವಾತಂತ್ರ್ಯದ ಗೊಂದಲ ಹೋಗುತ್ತದೆ. ಭೌತವಿಜ್ಞಾನಿ ಜೋ ಪೋಲ್ಚಿನ್ಸ್ಕಿ ಕೇಳಿದ್ದು ಇದು: ಚೆಂಡು 'ಬ' ಹೊಕ್ಕು, ಸ್ವಲ್ಪ ಹಿಂದಿನ ಕಾಲದಲ್ಲಿ 'ಅ'ದಿಂದ ಹೊರಬಂದು, ಇನ್ನೂ 'ಬ' ಕಡೆಗೆ ಹೋಗುತ್ತಿರುವ ತನಗೇ ನೆಟ್ಟಗೆ ಗುದ್ದಿ ದಾರಿ ತಪ್ಪಿಸುತ್ತದೆ. ಹೊಕ್ಕರೆ ಹೊಗುವುದಿಲ್ಲ. ತಾತನ ಒಗಟೇ, ರಕ್ತವಿಲ್ಲದೆ.

1991ರಲ್ಲಿ ಎಚೆವೆರಿಯಾ, ಕ್ಲಿಂಕ್‌ಹ್ಯಾಮರ್ ಮತ್ತು ಥಾರ್ನ್ ಇದನ್ನು ಬಿಡಿಸಲು ಕುಳಿತರು. ಅವರಿಗೆ ಸಿಕ್ಕಿದ್ದು ನೋಡಿ. ಚೆಂಡು ಬರುತ್ತಿದೆ. 'ಅ'ದಿಂದ ಅದರದೇ ಮುಂದಿನ ರೂಪ ಸ್ವಲ್ಪ ಓರೆಯಾಗಿ ಬಂದು ಪಕ್ಕಕ್ಕೆ ಸವರುತ್ತದೆ. ಆ ಸವರಿಕೆಯಿಂದ ಚೆಂಡಿನ ದಾರಿ ತುಸು ಬಾಗುತ್ತದೆ, ಆದರೂ 'ಬ' ಹೊಗುತ್ತದೆ. ತುಸು ಬಾಗಿ ಹೊಕ್ಕಿದ್ದರಿಂದಲೇ ಓರೆಯಾಗಿ ಹೊರಬರುತ್ತದೆ. ಓರೆಯಾಗಿ ಬಂದಿದ್ದರಿಂದಲೇ ನೆಟ್ಟಗೆ ಗುದ್ದದೆ ಸವರುತ್ತದೆ. ಎಲ್ಲ ಕೂಡಿಕೊಂಡಿತು, ವಿರೋಧವಿಲ್ಲ. ನೆಟ್ಟಗೆ ಗುದ್ದುವ ಚಿತ್ರದಲ್ಲಿ ನಾವು ಹೋಗುವ ಚೆಂಡಿಗೆ ಗುದ್ದಿನ ಪೆಟ್ಟು ಲೆಕ್ಕ ಹಾಕಿದ್ದೆವು, ಬರುವ ಚೆಂಡಿಗೆ ಹಾಕಿರಲಿಲ್ಲ. ಎರಡೂ ಒಂದೇ ಚೆಂಡು ಎನ್ನುವುದನ್ನು ಮರೆತದ್ದೇ ತಪ್ಪು.

ಇನ್ನೂ ದೊಡ್ಡ ಅಚ್ಚರಿ ಎಂದರೆ ಅಂಥ ಉತ್ತರ ಒಂದಲ್ಲ. ಒಂದೇ ಆರಂಭಕ್ಕೆ ಅನಂತ ಉತ್ತರಗಳು. ನಾವು ಉತ್ತರವೇ ಇರುವುದಿಲ್ಲ ಎಂದು ಹೆದರಿದ್ದೆವು, ನಿಜವಾದ ತೊಡಕು ಉತ್ತರ ಹೆಚ್ಚಾಗಿರುವುದು. ಆರಂಭ ತಿಳಿದರೆ ಮುಂದಿನದು ಒಂದೇ ಎನ್ನುವ ನ್ಯೂಟನ್ ಕಾಲದ ಭರವಸೆ ಇಲ್ಲಿ ಮುರಿಯುತ್ತದೆ. ಭೌತಶಾಸ್ತ್ರಕ್ಕೆ ಇದು ತಾತನ ಸಾವಿಗಿಂತ ಗಂಭೀರ ಸಂಗತಿ.

ಬಂದೂಕಿನ ಪ್ರಶ್ನೆಗೆ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1976ರಲ್ಲೇ ಉತ್ತರ ಕೊಟ್ಟಿದ್ದಾರೆ. 'ಕೊಲ್ಲಬಲ್ಲ' ಎನ್ನುವ ಮಾತು ಯಾವ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂಬುದರ ಮೇಲೆ ನಿಂತಿದೆ. ಬಂದೂಕು, ಗುರಿ, ಧೈರ್ಯ ಇಷ್ಟೇ ನೋಡಿದರೆ ಕೊಲ್ಲಬಲ್ಲ. ತಾತ ಬದುಕಿದ್ದ ಎಂಬುದನ್ನೂ ಸೇರಿಸಿದರೆ ಕೊಲ್ಲಲಾರ. ವಿಶೇಷ ಶಕ್ತಿಯೊಂದು ಬಂದು ಕೈ ಹಿಡಿಯುವುದಿಲ್ಲ. ಕಾಲು ಜಾರುವುದೋ, ಮದ್ದು ಒದ್ದೆಯಾಗಿರುವುದೋ, ಯಾವುದೋ ಸಾಮಾನ್ಯ ಕಾರಣವೇ ಇರುತ್ತದೆ.

ಚಕ್ರಕ

ಚೆಂಡಿನ ಉತ್ತರ ಒಪ್ಪಿದೆ. ಮನುಷ್ಯನ ಉತ್ತರ ಪೂರ್ತಿ ಒಪ್ಪಲಾರೆ. ಒಬ್ಬರು ಹೋಗಿ ಕಾಲು ಜಾರಿದರೆ ಆಕಸ್ಮಿಕ. ನೂರು ಜನ ನೂರು ಸಲ ಹೋಗಿ ನೂರಕ್ಕೆ ನೂರು ಜಾರಿದರೆ ಅದಕ್ಕೊಂದು ವಿವರಣೆ ಬೇಕು.

ಕ್ಯೂಬಿಟ್

ಅದಕ್ಕೆ ಕ್ವಾಂಟಮ್ ಲೆಕ್ಕದಲ್ಲಿ ಎರಡು ಉತ್ತರಗಳಿವೆ, ಎರಡೂ ಒಂದಕ್ಕೊಂದು ಒಪ್ಪುವುದಿಲ್ಲ.

ಡೇವಿಡ್ ಡಾಯ್ಚ್, 1991. ತಾತನ ಕಥೆಯನ್ನು ಒಂದೇ ಬಿಟ್‌ಗೆ ಇಳಿಸಿ. ಭವಿಷ್ಯದಿಂದ ಬಂದದ್ದು 1 ಎಂದರೆ ಕೊಲೆಗಾರ ಬಂದ, 0 ಎಂದರೆ ಬರಲಿಲ್ಲ. ಬಂದರೆ ಮುಂದೆ 0, ಬರದಿದ್ದರೆ ಮುಂದೆ 1, ಅಂದರೆ ಬಿಟ್ ಅನ್ನು ತಿರುವಿ ಹಾಕುವ ಗೇಟ್. ಬರೀ 0 ಅಥವಾ 1 ಇಟ್ಟರೆ ವಿರೋಧ ತಪ್ಪಿದ್ದಲ್ಲ. ಡಾಯ್ಚ್ ಹೇಳುವುದು, ಸುತ್ತು ಹೊಕ್ಕ ಸ್ಥಿತಿ ಮತ್ತು ಹೊರಬಂದ ಸ್ಥಿತಿ ಒಂದೇ ಆಗಿರಬೇಕು, ಆದರೆ ಅದು ಮಿಶ್ರಸ್ಥಿತಿ, ಅಂದರೆ 0 ಮತ್ತು 1 ಎರಡಕ್ಕೂ ಸ್ವಲ್ಪ ಸ್ವಲ್ಪ ಸಂಭವವಿರುವ ಸ್ಥಿತಿ, ಆಗಿರಬಹುದು. 1 ಆಗುವ ಸಂಭವ ಪ ಎಂದರೆ ಪ = 1 − ಪ, ಆದ್ದರಿಂದ ಪ = 1/2. ಅರ್ಧ ಸಂಭವದಲ್ಲಿ ಕೊಲೆಗಾರ ಬರುತ್ತಾನೆ, ಅರ್ಧದಲ್ಲಿ ಇಲ್ಲ, ಲೆಕ್ಕ ಕೂಡಿತು. ಡಾಯ್ಚ್ ಇದನ್ನು ಹಲವು ಜಗತ್ತುಗಳ ಭಾಷೆಯಲ್ಲಿ ಓದುತ್ತಾರೆ: ಒಂದು ಜಗತ್ತಿನಲ್ಲಿ ಹುಟ್ಟಿದ ಮೊಮ್ಮಗ ಇನ್ನೊಂದರ ತಾತನನ್ನು ಕೊಲ್ಲುತ್ತಾನೆ. ಇಂಥ ಸ್ಥಿರ ಸ್ಥಿತಿ ಯಾವ ಗೇಟ್ ಇಟ್ಟರೂ ಕನಿಷ್ಠ ಒಂದು ಇದ್ದೇ ಇರುತ್ತದೆ. ಅದು ಈ ವಾದದ ಬಲ.

ಬೆಲೆಯೂ ದುಬಾರಿ. ಪ್ರಕೃತಿ ಆ ಸ್ಥಿರ ಸ್ಥಿತಿಯನ್ನು ತಾನೇ ಹುಡುಕಿ ಕೊಡಬೇಕು, ಅಂದರೆ ಪುಕ್ಕಟೆ ಲೆಕ್ಕ ಮಾಡಿದ ಹಾಗೆ. 2008ರಲ್ಲಿ ಆರನ್ಸನ್ ಮತ್ತು ವಾಟ್ರಸ್ ತೋರಿಸಿದಂತೆ, ಇಂಥ ಸುತ್ತು ಕೈಗಿದ್ದರೆ ಮಿತವಾದ ನೆನಪಿನಲ್ಲಿ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಂಡು ಬಿಡಿಸಬಹುದಾದ ಎಲ್ಲ ಸಮಸ್ಯೆಗಳನ್ನೂ ಬೇಗ ಬಿಡಿಸಬಹುದು. ಆಗ ಕ್ವಾಂಟಮ್ ಕಂಪ್ಯೂಟರಿಗೂ ಸಾಮಾನ್ಯ ಕಂಪ್ಯೂಟರಿಗೂ ಭೇದವೇ ಉಳಿಯುವುದಿಲ್ಲ. ಚಕ್ರಕ ಅವರ ಗಣಿತಜ್ಞರ ಹಾಳೆ ಇಲ್ಲಿ ನಿಜವಾಗಿಬಿಡುತ್ತದೆ.

ಎರಡನೆಯದು ಸೇತ್ ಲಾಯ್ಡ್ ಮತ್ತು ಸಂಗಡಿಗರದು, 2011. ಇಲ್ಲಿ ವಿರೋಧ ಬರುವ ಚರಿತ್ರೆಗಳ ಸಂಭವ ನೇರವಾಗಿ ಸೊನ್ನೆ. ಉಳಿದವುಗಳ ಸಂಭವ ಅದಕ್ಕೆ ತಕ್ಕಂತೆ ಉಬ್ಬುತ್ತದೆ. ಬಂದೂಕು 10 ಲಕ್ಷಕ್ಕೆ ಒಂದು ಸಲ ಕೈಕೊಡುವಂಥದ್ದಾದರೆ, ಈ ಸುತ್ತಿನಲ್ಲಿ ಆ ಒಂದು ಸಲವೇ ಖಚಿತವಾಗಿ ನಡೆಯುತ್ತದೆ. ನೂರಕ್ಕೆ ನೂರು ಜಾರುವುದಕ್ಕೆ ವಿವರಣೆ ಕೇಳಿದ್ದಿರಿ, ಇದು ಅದು. ಬಂದೂಕು ಎಂದೂ ಕೈಕೊಡದಂಥದ್ದಾದರೆ? ಆಗ ಎಲ್ಲ ಚರಿತ್ರೆಯೂ ಸೊನ್ನೆ, ಲೆಕ್ಕವೇ ಸೊನ್ನೆಯಿಂದ ಭಾಗಿಸಿದಂತಾಗಿ ಕೆಡುತ್ತದೆ. ನಿಜ ಜಗತ್ತಿನಲ್ಲಿ ಎಂದೂ ಕೈಕೊಡದ ಉಪಕರಣ ಇಲ್ಲದಿರುವುದರಿಂದ ಈ ವಾದ ನಿಂತಿದೆ.

ಪತ್ರಿಕೆಗಳ ಶೀರ್ಷಿಕೆ ನಂಬಬೇಡಿ ಎಂದೂ ಸೇರಿಸುತ್ತೇನೆ. ಲಾಯ್ಡ್ ತಂಡದ ಪ್ರಯೋಗವಿರಲಿ, 2014ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಯ್ಚ್ ಮಾದರಿಯ ಪ್ರಯೋಗವಿರಲಿ, ಫೋಟಾನ್‌ಗಳು ಹಿಂದಕ್ಕೆ ಹೋಗಲಿಲ್ಲ, ಸಮೀಕರಣವನ್ನು ಅನುಕರಿಸಿದವು ಅಷ್ಟೇ. 2022ರಲ್ಲಿ ಕ್ವಾಂಟಮ್ ಕಂಪ್ಯೂಟರಿನ 9 ಕ್ಯೂಬಿಟ್‌ಗಳ (ಕ್ವಾಂಟಮ್ ಬಿಟ್‌ಗಳ) ಮೇಲೆ 'ವರ್ಮ್‌ಹೋಲ್' ಎಂದು ಸುದ್ದಿಯಾದದ್ದೂ ಅನುಕರಣೆಯೇ.

ರೇವತಿ ನಕ್ಷತ್ರ

ವರ್ಮ್‌ಹೋಲ್ ಬೇಡ, ಬೆಳಕಿಗಿಂತ ವೇಗದ ಸಂಕೇತ ಸಿಕ್ಕರೆ ಸಾಲದೇ? 2011ರ ನ್ಯೂಟ್ರಿನೋ ಸುದ್ದಿ ಬಂದಾಗ ಹಾಗೆ ಹೇಳುತ್ತಿದ್ದರು.

ಪರಮಾಣು ಗಡಿಯಾರ

ಸಾಕು, ಸಿಕ್ಕಿದ್ದರೆ. ಬೆಳಕಿಗಿಂತ ವೇಗದ ಸಂಕೇತವನ್ನು ಪರಸ್ಪರ ದೂರ ಸರಿಯುವ ಇಬ್ಬರು ಕಳಿಸಿಕೊಂಡರೆ, ಉತ್ತರ ಪ್ರಶ್ನೆಗಿಂತ ಮುಂಚೆ ಬರುವಂತೆ ಮಾಡಬಹುದೆಂದು 1917ರಲ್ಲೇ ಟೋಲ್ಮನ್ ತೋರಿಸಿದ್ದರು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋಗೆ ಸುಮಾರು 730 ಕಿ.ಮೀ. ದೂರವನ್ನು ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡು ಬೇಗ ಕ್ರಮಿಸಿದವೆಂದು ಒಪೆರಾ ತಂಡಕ್ಕೆ ಕಂಡದ್ದು ನಿಜ. ಮುಖ್ಯ ಕಾರಣ ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ಜಿಪಿಎಸ್ ಕಾಲ ತರುವ ಆ ತಂತಿಯ ಕೊಂಡಿ ಸಡಿಲವಾಗಿದ್ದರಿಂದ ಬೆಳಕು ಮಂದವಾಗಿ, ಕಾಲದ ಗುರುತು ತಡವಾಗಿ ದಾಖಲಾಗುತ್ತಿತ್ತು. ಸರಿಪಡಿಸಿದ ಮೇಲೆ ನ್ಯೂಟ್ರಿನೋ ಬೆಳಕಿನ ವೇಗದ ಮಿತಿಯೊಳಗೇ ಬಂತು.

ಬೆಳಕಿನ ಶಂಕು

ಈಗ ನಿಜವಾದ ಗೋಡೆ. ಗೋಡೆಗೆ ಎರಡು ಪದರ.

ಒಳಪದರ ಋಣಶಕ್ತಿ, ಅಂದರೆ ಖಾಲಿ ನಿರ್ವಾತಕ್ಕಿಂತಲೂ ಕಡಿಮೆ, ಸೊನ್ನೆಗಿಂತ ಕೆಳಗಿನ ಶಕ್ತಿ. 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಪ್ರಕಟಿಸಿದ ಸಮೀಕರಣ ಇಲ್ಲಿ ಕೀಲಿ. ಸಾಮಾನ್ಯ ವಸ್ತು ಯಾವುದೇ ಇರಲಿ, ಅದರ ಗುರುತ್ವ ಅಕ್ಕಪಕ್ಕದ ಕಿರಣಗಳನ್ನು ಒಂದರ ಕಡೆಗೆ ಒಂದನ್ನು ಸೆಳೆಯುತ್ತದೆ, ದೂರ ಮಾಡುವುದಿಲ್ಲ. ವರ್ಮ್‌ಹೋಲ್ ಬಾಯಿಗೆ ಬಂದ ಕಿರಣಗಳ ಕಟ್ಟು ಒಳಗೆ ಹೋಗುವಾಗ ಕೂಡುತ್ತದೆ, ಗಂಟಲು ದಾಟಿ ಆಚೆ ಬಾಯಿಂದ ಹೊರಬರುವಾಗ ಹರಡುತ್ತದೆ. ಕೂಡಿದ್ದನ್ನು ಹರಡಬೇಕೆಂದರೆ ಗಂಟಲಿನಲ್ಲಿ ತಳ್ಳುವ ಗುರುತ್ವ ಬೇಕು. ಅದಕ್ಕೇ ಋಣಶಕ್ತಿ. ಅದಿಲ್ಲದಿದ್ದರೆ, 1962ರಲ್ಲಿ ಫುಲ್ಲರ್ ಮತ್ತು ವೀಲರ್ ತೋರಿಸಿದಂತೆ, ಬೆಳಕು ಕೂಡ ದಾಟುವ ಮುಂಚೆ ಗಂಟಲು ಕತ್ತರಿಸಿಕೊಳ್ಳುತ್ತದೆ.

ಋಣಶಕ್ತಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1948ರಲ್ಲಿ ಕ್ಯಾಸಿಮಿರ್ ಹೇಳಿದ ಪರಿಣಾಮ ಅದೇ: ಎರಡು ಲೋಹದ ತಟ್ಟೆಗಳನ್ನು ತೀರ ಹತ್ತಿರ ತಂದರೆ ನಡುವಿನ ನಿರ್ವಾತದ ಶಕ್ತಿ ಹೊರಗಿಗಿಂತ ಕಡಿಮೆಯಾಗಿ ತಟ್ಟೆಗಳು ಸೆಳೆದುಕೊಳ್ಳುತ್ತವೆ. 1 ಮೈಕ್ರಾನ್ ಅಂತರದಲ್ಲಿ ಒತ್ತಡ ಸುಮಾರು 0.0013 ಪ್ಯಾಸ್ಕಲ್. 1 ಮೀಟರ್ ಗಂಟಲಿಗೆ ಬೇಕಾದ ಬಿಗಿತ ಸುಮಾರು 5 × 10ರ 42ನೇ ಘಾತ ಪ್ಯಾಸ್ಕಲ್. ಋಣ ದ್ರವ್ಯರಾಶಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಗುರುಗ್ರಹದಷ್ಟು. 2003ರಲ್ಲಿ ವಿಸ್ಸರ್, ಸಯನ್ ಕರ್ ಮತ್ತು ನರೇಶ್ ದಾಧಿಚ್ ಗಂಟಲಿನ ಆಕಾರ ಜಾಣತನದಿಂದ ಆರಿಸಿದರೆ ಒಟ್ಟು ಋಣಶಕ್ತಿಯನ್ನು ಎಷ್ಟು ಬೇಕಾದರೂ ಕಿರಿದು ಮಾಡಬಹುದೆಂದು ತೋರಿಸಿದರು, ಸೊನ್ನೆ ಮಾತ್ರ ಮಾಡಲಾಗದು. ಫೋರ್ಡ್ ಮತ್ತು ರೋಮನ್ ಇನ್ನೊಂದು ಕಡೆಯಿಂದ ಬಿಗಿದಿದ್ದಾರೆ: ಕ್ವಾಂಟಮ್ ನಿಯಮ ಋಣಶಕ್ತಿಯನ್ನು ಸಾಲವಾಗಿ ಕೊಡುತ್ತದೆ, ಸಾಲ ದೊಡ್ಡದಾದಷ್ಟೂ ಗಡುವು ಚಿಕ್ಕದು. 1 ಮೀಟರ್ ಗಂಟಲಿನಲ್ಲಿ ಆ ಋಣಶಕ್ತಿ ಪ್ರೋಟಾನಿನ ಹತ್ತು ಲಕ್ಷದಲ್ಲಿ ಒಂದು ಪಾಲು ದಪ್ಪದ ಪಟ್ಟಿಯೊಳಗೆ ಹಿಡಿಸಬೇಕು. ಅಂಥ ಪಟ್ಟಿ ಮಾಡುವ ವಸ್ತು ಯಾವುದೂ ತಿಳಿದಿಲ್ಲ.

ಕಾಲಪಥಿಕ

ಹೊರಪದರ ನಾನು ಹೇಳುತ್ತೇನೆ. 6 ವರ್ಷ 8 ತಿಂಗಳ ಆ ಕ್ಷಣಕ್ಕೆ ವಾಪಸು ಬನ್ನಿ. ಜಾತ್ರೆಯ ಮೈಕಿನ ಮುಂದೆ ಸ್ಪೀಕರ್ ಇಟ್ಟರೆ ಕುಯ್ಯೆಂದು ಕೂಗುತ್ತದಲ್ಲ, ಅದೇ ಇಲ್ಲಿ. 'ಬ' ಬೆಳಕಿನ 0.8 ವೇಗದಲ್ಲಿ ಹತ್ತಿರ ಬರುತ್ತಿರುವುದರಿಂದ 'ಅ'ದಿಂದ ಹೊರಟ ಬೆಳಕು ಅದನ್ನು ಹೊಗುವಾಗ ಕಂಪನ 3 ಪಟ್ಟಾಗುತ್ತದೆ. ಹೊರಬಂದು, ಮತ್ತೆ ಸುತ್ತಿ, ಮತ್ತೆ 3 ಪಟ್ಟು. 10 ಸುತ್ತಿಗೆ 59,049 ಪಟ್ಟು. ಸಾಮಾನ್ಯ ಬೆಳಕು ಗಾಮಾ ಕಿರಣವಾಗಿ ಶಕ್ತಿ ಏರುತ್ತಾ ಹೋಗಿ ಯಂತ್ರವೇ ಸುಟ್ಟುಹೋಗಬೇಕು.

ಬೆಳಕಿನ ಶಂಕು

ಒಂದು ತಿದ್ದುಪಡಿ. ಸಾಮಾನ್ಯ ಬೆಳಕಿನಿಂದ ಸುಡುವುದಿಲ್ಲ. ಗಂಟಲು ಕಿರಣಗಳನ್ನು ಹರಡುತ್ತದೆ ಎಂದೆನಲ್ಲ, ಆ ಹರಡುವಿಕೆಯೇ ಇಲ್ಲಿ ಕಾಪಾಡುತ್ತದೆ. 1 ಮೀಟರ್ ಬಾಯಿಂದ ಹರಡುತ್ತಾ ಹೊರಟ ಬೆಳಕು 2.67 ಜ್ಯೋತಿರ್ವರ್ಷ ಹೋಗುವಷ್ಟರಲ್ಲಿ ಎಷ್ಟು ತೆಳುವಾಗಿರುತ್ತದೆಂದರೆ 'ಬ' ಬಾಯಿಗೆ ಬೀಳುವ ಪಾಲು ನಗಣ್ಯ. 3 ಪಟ್ಟು ಏರಿಕೆಯನ್ನು ಈ ಇಳಿಕೆ ಸುಲಭವಾಗಿ ಗೆಲ್ಲುತ್ತದೆ. ಸ್ಪೀಕರ್ ಊರಾಚೆ ಇಟ್ಟ ಹಾಗೆ, ಮೈಕ್ ಕೂಗುವುದಿಲ್ಲ.

ಆದರೆ ನಿರ್ವಾತದ ಕ್ವಾಂಟಮ್ ಕಂಪನ ಹೀಗೆ ತಣ್ಣಗಾಗುವುದಿಲ್ಲ. 1991ರಲ್ಲಿ ಕಿಮ್ ಮತ್ತು ಥಾರ್ನ್ ಲೆಕ್ಕ ಹಾಕಿದಾಗ ಕೋಶಿ ದಿಗಂತದ ಹತ್ತಿರ ಅದರ ಶಕ್ತಿ ಸಾಂದ್ರತೆ ಅನಂತಕ್ಕೆ ಏರಿತು. ಗುರುತ್ವದ ಕ್ವಾಂಟಮ್ ನಿಯಮ ಅಷ್ಟರಲ್ಲಿ ನಡುವೆ ಬಂದು ಏರಿಕೆಗೆ ಕಡಿವಾಣ ಹಾಕಬಹುದು, ಯಂತ್ರ ಉಳಿಯಬಹುದು ಎಂದು ಅವರ ಊಹೆ. ಹಾಕಿಂಗ್ ಒಪ್ಪಲಿಲ್ಲ. 1992ರಲ್ಲಿ ಅವರು ಕಾಲಕ್ರಮ ರಕ್ಷಣೆಯ ಊಹೆ ಮುಂದಿಟ್ಟರು: ಸುತ್ತು ಮುಚ್ಚಲು ಹೊರಟ ಪ್ರತಿ ಸಲವೂ ಭೌತನಿಯಮವೇ ಅದನ್ನು ಮುರಿಯುತ್ತದೆ. ಅದೇ ಪ್ರಬಂಧದಲ್ಲಿ, ಮಿತವಾದ ಜಾಗದಲ್ಲಿ ಕಾಲಯಂತ್ರ ಕಟ್ಟಬೇಕಾದರೆ ಋಣಶಕ್ತಿ ಬೇಕೇ ಬೇಕು ಎಂದೂ ಸಾಧಿಸಿದರು. ಟಿಪ್ಲರ್ ಸಿಲಿಂಡರನ್ನು ಗಿಡ್ಡ ಮಾಡಿ ಕಟ್ಟುವ ಆಸೆಗೂ ಅಲ್ಲಿಗೆ ತೆರೆ ಬಿತ್ತು.

ಚಕ್ರಕ

ಹಾಗಾದರೆ ನನ್ನ ಮೊದಲ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ವಿರೋಧ ತಡೆಯಲ್ಲ, ಚೆಂಡು ಸವರಿಕೊಂಡು ದಾಟಿತು. ತಡೆ ಇರುವುದು ಸುತ್ತು ಮುಚ್ಚುವ ಕ್ಷಣದಲ್ಲಿ. ಹಾಕಿಂಗ್ ಊಹೆ ಸಾಧಿತವಾಗಿದೆಯೇ?

ಬೆಳಕಿನ ಶಂಕು

ಇಲ್ಲ. 1997ರಲ್ಲಿ ಕೇ, ರಾಡ್ಜಿಕೋವ್ಸ್ಕಿ ಮತ್ತು ವಾಲ್ಡ್ ಸಾಧಿಸಿದ್ದು ಅದಕ್ಕಿಂತ ಸಣ್ಣದು, ಆದರೆ ಗಟ್ಟಿ. ಇಂಥ ದಿಗಂತದ ಮೇಲೆ ಕೆಲವು ಬಿಂದುಗಳಲ್ಲಿ ನಾವು ಬಳಸುತ್ತಿರುವ ಲೆಕ್ಕವೇ, ಅಂದರೆ ಬಾಗಿದ ಆಕಾಶಕಾಲದ ಮೇಲೆ ಕ್ವಾಂಟಮ್ ಕ್ಷೇತ್ರ ಇಟ್ಟು ಮಾಡುವ ಲೆಕ್ಕ, ಅರ್ಥ ಕಳೆದುಕೊಳ್ಳುತ್ತದೆ. ಅಲ್ಲಿ ಶಕ್ತಿ ಎಷ್ಟು ಎಂದು ಕೇಳಿದರೆ ಅನಂತ ಎಂದೂ ಹೇಳಲಾಗುವುದಿಲ್ಲ, ಉತ್ತರವೇ ನಿರ್ಧಾರವಾಗುವುದಿಲ್ಲ. ಮುಂದಿನ ಹೆಜ್ಜೆಗೆ ಗುರುತ್ವದ ಪೂರ್ಣ ಕ್ವಾಂಟಮ್ ಸಿದ್ಧಾಂತ ಬೇಕು. ಕಿಮ್–ಥಾರ್ನ್ ಹೇಳಿದ ಕಡಿವಾಣ ಬೀಳುತ್ತದೋ ಇಲ್ಲವೋ ಎನ್ನುವುದು ಅಲ್ಲಿ ತೀರ್ಮಾನವಾಗಬೇಕು. ಆ ಸಿದ್ಧಾಂತ ಇನ್ನೂ ನಮ್ಮ ಕೈಯಲ್ಲಿಲ್ಲ.